ಓಲೆ ನಡೆಯುವ ದಾರಿ

ತತ್ತ್ವವನ್ನು ತಿಳಿಯದೆ ವಸ್ತುವನ್ನು ಬಳಸುವುದು ಮನುಷ್ಯನಿಗೆ ಹೊಸದಲ್ಲ. ಬೆಂಕಿಯ ಸ್ವರೂಪವನ್ನು ಅರಿತ ಮೇಲೆಯೇ ಒಲೆ ಹಚ್ಚಬೇಕೆಂಬ ಕಟ್ಟಳೆಯಿದ್ದಿದ್ದರೆ ಲೋಕವೆಲ್ಲ ಉಪವಾಸವಿರಬೇಕಾಗುತ್ತಿತ್ತು. ಆದರೆ ಯಾವ ವಸ್ತುವಿನ ಮೇಲೆ ಸಂಸಾರದ ನಿತ್ಯವ್ಯವಹಾರವು ನಿಂತಿರುವುದೋ, ಯಾವುದನ್ನು ನಂಬಿ ನಾವು ನಮ್ಮ ಹಣವನ್ನೂ ಗುಟ್ಟನ್ನೂ ಮಕ್ಕಳ ವಿದ್ಯಾಭ್ಯಾಸವನ್ನೂ ಒಪ್ಪಿಸಿರುವೆವೋ, ಅದರ ನಡವಳಿಕೆಯನ್ನು ಸ್ಥೂಲವಾಗಿಯಾದರೂ ತಿಳಿದಿರುವುದು ಗೃಹಸ್ಥನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಇಂದು ಪಟ್ಟಣಗಳಲ್ಲಿ ಮಾತ್ರವಲ್ಲದೆ ಹಳ್ಳಿಗಳ ಅನೇಕ ಮನೆಗಳಲ್ಲಿಯೂ ನಡುಮನೆಯ ಗೋಡೆಯ ಮೇಲೆ ಒಂದು ಸಣ್ಣ ಪೆಟ್ಟಿಗೆಯು ಕಾಣಬರುತ್ತದೆ. ಅದಕ್ಕೆ ಎರಡೋ ನಾಲ್ಕೋ ಕೊಂಬುಗಳು. ಮುಖದಲ್ಲಿ ಮಿಣಮಿಣನೆ ಮಿನುಗುವ ಹಸಿರು ದೀಪಗಳು. ಆ ದೀಪವು ಕೆಂಪಾದರೆ ಮನೆಯವರೆಲ್ಲರ ಮುಖವೂ ಕೆಂಪಾಗುವುದು. ಜನರು ಇದನ್ನು ‘ವೈಫೈ’ ಎಂದು ಕರೆಯುವರಾದರೂ ಇದರ ನಿಜವಾದ ಹೆಸರು ರೌಟರು; ದಾರಿಯನ್ನು ಗೊತ್ತುಮಾಡತಕ್ಕದ್ದು ಎಂದರ್ಥ. ಇದೇ ಜಾತಿಯ ಯಂತ್ರಗಳು, ಕೆಲವು ಬೀರುವಿನಷ್ಟು ದೊಡ್ಡವು, ದೇಶದೇಶಗಳ ಕೇಂದ್ರಗಳಲ್ಲಿ ಹಗಲಿರುಳೂ ಎಚ್ಚತ್ತಿದ್ದು, ಜಗತ್ತಿನ ಕಂಪ್ಯೂಟರು ಜಾಲಗಳನ್ನು ಒಂದರೊಡನೊಂದು ಹೆಣೆದಿವೆ. ಆ ಹೆಣಿಗೆಗೇ ಅಂತರ್ಜಾಲವೆಂದು ಹೆಸರು.

ಮೈಸೂರಿನಿಂದ ಹೊರಟ ಒಂದು ಸಂದೇಶವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಮುದ್ರದಾಚೆ ಕಾಣಿಸಿಕೊಂಡಾಗ, ಎಲ್ಲಿಯೋ ಕುಳಿತಿರುವ ಸರ್ವಜ್ಞನಾದ ಅಧಿಕಾರಿಯೊಬ್ಬನು ಅದಕ್ಕೆ ಮೊದಲಿನಿಂದ ಕೊನೆಯವರೆಗೆ ದಾರಿಯನ್ನು ಬರೆದುಕೊಟ್ಟಿರಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ವಸ್ತುಸ್ಥಿತಿಯು ಹಾಗಿಲ್ಲ. ಅಂತಹ ಅಧಿಕಾರಿಯೂ ಇಲ್ಲ, ಅಂತಹ ಯಂತ್ರವೂ ಇಲ್ಲ. ಭೂಮಂಡಲದ ಯಾವ ರೌಟರಿಗೂ ಪೂರ್ಣವಾದ ದಾರಿಯು ತಿಳಿಯದು. ಪ್ರತಿಯೊಂದಕ್ಕೂ ತಿಳಿದಿರುವುದು ಮುಂದಿನ ಒಂದು ಹೆಜ್ಜೆ ಮಾತ್ರ. ಆ ಒಂದು ಹೆಜ್ಜೆಯೂ ಬಹುಮಟ್ಟಿಗೆ ನೆರೆಯವನ ಮಾತನ್ನು ನಂಬಿ ತಿಳಿದುದು. ಈ ವ್ಯವಸ್ಥೆಯ ಬಲವೆಲ್ಲವೂ, ಅಂತೆಯೇ ದೌರ್ಬಲ್ಯವೆಲ್ಲವೂ, ಈ ಒಂದು ಸಂಗತಿಯಿಂದಲೇ ಹುಟ್ಟಿರುವುವು. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಇಡಿಯಾದ ಓಲೆಯೂ ಬಿಡಿಯಾದ ಪೊಟ್ಟಣಗಳೂ

ಕೈಯಿಂದ ಕೈಗೆ ಓಲೆಯನ್ನು ದಾಟಿಸುವ ಕ್ರಮವು ನಮ್ಮ ನಾಡಿಗೆ ಅಪರಿಚಿತವಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಟ್ಟು, ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಲೀನವಾಗುವವರೆಗೂ ನಡೆದುಬಂದ ಮೈಸೂರು ಅಂಚೆಯಲ್ಲಿ, ಚೀಲವನ್ನು ಹೊತ್ತ ಹರಿಕಾರನು ತನ್ನ ಪಾಲಿನ ಹಾದಿಯನ್ನಷ್ಟೇ ಓಡಿ, ಮುಂದಿನವನ ಕೈಗೆ ಅದನ್ನು ಒಪ್ಪಿಸಿ ಹಿಂದಿರುಗುತ್ತಿದ್ದನು. ಓಲೆಯು ಎಲ್ಲಿಂದ ಬಂದಿತು, ಕೊನೆಗೆ ಯಾರನ್ನು ಸೇರಿತು ಎಂಬ ಚಿಂತೆಯು ಅವನದಲ್ಲ. ರೌಟರೂ ಇಂತಹ ಹರಿಕಾರನೇ ಸರಿ. ಆದರೆ ಎರಡು ಭೇದಗಳುಂಟು. ಹರಿಕಾರನ ಹಾದಿಯನ್ನು ಸರ್ಕಾರವು ನಿಗದಿಮಾಡಿತ್ತು. ರೌಟರು ಪ್ರತಿಯೊಂದು ಓಲೆಯನ್ನೂ ನೋಡಿ, ಮುಂದಿನವನು ಯಾರೆಂಬುದನ್ನು ತಾನೇ ನಿರ್ಣಯಿಸುತ್ತದೆ. ಅಲ್ಲದೆ, ಹರಿಕಾರನು ಇಡಿಯಾದ ಓಲೆಯನ್ನು ಒಯ್ಯುತ್ತಿದ್ದನು. ರೌಟರಾದರೋ ಓಲೆಯ ತುಂಡುಗಳನ್ನು ಮಾತ್ರ ಒಯ್ಯುವುದು.

ಓಲೆಯನ್ನು ತುಂಡರಿಸುವ ಉಪಾಯವು ೧೯೬೦ರ ದಶಕದಲ್ಲಿ ಇಬ್ಬರಿಗೆ ಬೇರೆಬೇರೆಯಾಗಿ ಹೊಳೆಯಿತು. ಅಮೆರಿಕದಲ್ಲಿ ರ‍್ಯಾಂಡ್ ಸಂಸ್ಥೆಯ ಪಾಲ್ ಬ್ಯಾರನ್ ಎಂಬುವರು, ಅಣುಬಾಂಬಿನ ದಾಳಿಯಲ್ಲಿ ದೂರವಾಣಿಯ ಕೆಲವು ಕೇಂದ್ರಗಳು ನಾಶವಾದರೂ ಉಳಿದವರು ಪರಸ್ಪರ ಮಾತನಾಡುವಂತಿರಬೇಕಾದರೆ, ಕೇಂದ್ರವೇ ಇಲ್ಲದ, ಮೀನಿನ ಬಲೆಯಂತಹ ಜಾಲವನ್ನು ಕಟ್ಟಬೇಕೆಂದು ೧೯೬೪ರಲ್ಲಿ ಪ್ರಕಟವಾದ ವರದಿಗಳಲ್ಲಿ ಪ್ರತಿಪಾದಿಸಿದರು. ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲೆಬೊರೆಟರಿಯ ಡೊನಾಲ್ಡ್ ಡೇವಿಸ್ ಎಂಬುವರು ೧೯೬೫ರಲ್ಲಿ, ಬಹುಜನರು ಒಂದೇ ತಂತಿಯನ್ನು ಮಿತವ್ಯಯದಿಂದ ಹಂಚಿಕೊಳ್ಳುವ ಬಗೆ ಯಾವುದೆಂದು ಯೋಚಿಸುತ್ತ ಇದೇ ಸಿದ್ಧಾಂತಕ್ಕೆ ಬಂದರು. ಈ ತುಂಡುಗಳಿಗೆ ‘ಪ್ಯಾಕೆಟ್’ ಎಂದು ಹೆಸರಿಟ್ಟವರು ಅವರೇ. ನಮ್ಮ ಭಾಷೆಯಲ್ಲಿ ಪೊಟ್ಟಣವೆಂದರೆ ಸಾಕು. ಶೆಟ್ಟರ ಅಂಗಡಿಯ ಪೊಟ್ಟಣದಂತೆಯೇ ಇದೂ ಒಳಗೆ ಸರಕು, ಹೊರಗೆ ಕಾಗದ.

ಹಿಂದಿನ ದೂರವಾಣಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಅವರ ನಡುವಣ ದಾರಿಯು ಅವರಿಬ್ಬರಿಗೇ ಮೀಸಲಾಗಿರುತ್ತಿತ್ತು. ಇಬ್ಬರೂ ಸುಮ್ಮನಿದ್ದರೂ ಮತ್ತೊಬ್ಬರಿಗೆ ಅದು ದೊರೆಯುತ್ತಿರಲಿಲ್ಲ. ಪೊಟ್ಟಣಗಳ ಕ್ರಮದಲ್ಲಿಯಾದರೋ ದಾರಿಯು ಯಾರ ಸ್ವತ್ತೂ ಅಲ್ಲ. ಬ್ಯಾಂಕಿನ ಲೆಕ್ಕ, ಹುಡುಗನ ಆಟ, ಸಂಗೀತ, ಶೋಕವಾರ್ತೆ ಎಲ್ಲವೂ ಒಂದರ ಹಿಂದೊಂದು ಅದೇ ಹಾದಿಯಲ್ಲಿ ಸಾಗುವುವು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಮೈಸೂರಿನ ತಾಯಿಯೊಬ್ಬಳು ಗೌರಿಹಬ್ಬದ ಮಂಟಪದ ಚಿತ್ರವನ್ನು ಕ್ಯಾಲಿಫೋರ್ನಿಯದಲ್ಲಿರುವ ಮಗಳಿಗೆ ಕಳುಹಿಸುವಳೆಂದು ಭಾವಿಸೋಣ. (ಇಂತಹ ಚಿತ್ರವು ನಡುವೆ ಯಾವುದಾದರೊಂದು ಕಂಪನಿಯ ಕಂಪ್ಯೂಟರಿನಲ್ಲಿ ತಂಗಿ ಹೋಗುವುದುಂಟು, ವಿವರಣೆಯ ಸೌಕರ್ಯಕ್ಕಾಗಿ ಅದನ್ನು ಇಲ್ಲಿ ಬಿಟ್ಟಿರುವೆವು.) ಕಂಪ್ಯೂಟರಿನ ದೃಷ್ಟಿಯಲ್ಲಿ ಚಿತ್ರವೆಂದರೆ ಅಂಕಿಗಳ ಒಂದು ಉದ್ದವಾದ ಮಾಲೆ, ಅದರ ಅಳತೆಯ ಮಾನಕ್ಕೆ ಬೈಟು ಎಂದು ಹೆಸರು. ಚಿತ್ರವು ೨೦ ಲಕ್ಷ ಬೈಟುಗಳಷ್ಟಿದೆಯೆನ್ನೋಣ. ಒಂದು ಪೊಟ್ಟಣದ ಗಾತ್ರವು ಸಾಮಾನ್ಯವಾಗಿ ೧೫೦೦ ಬೈಟುಗಳನ್ನು ಮೀರುವುದಿಲ್ಲ. ಅದರಲ್ಲಿ ೪೦ ಬೈಟುಗಳು ಮೇಲುಬರಹಕ್ಕೆ ಹೋದರೆ, ಸರಕಿಗೆ ಉಳಿಯುವುದು ೧೪೬೦. ಆದುದರಿಂದ ಆ ಮಂಟಪವು ಸುಮಾರು ೧೩೭೦ ಪೊಟ್ಟಣಗಳಾಗಿ ಮನೆಯನ್ನು ಬಿಡುವುದು. ಪ್ರತಿಯೊಂದರ ಮೇಲೆಯೂ ಕಳುಹಿಸಿದವರ ವಿಳಾಸ, ಸೇರತಕ್ಕವರ ವಿಳಾಸ, ಕ್ರಮಸಂಖ್ಯೆ, ಆಯುಸ್ಸು ಮೊದಲಾದುವು ಬರೆದಿರುವುವು. ಒಂದೊಂದೂ ಸ್ವತಂತ್ರ ಪ್ರಯಾಣಿಕ. ಮೊದಲನೆಯದು ಒಂದು ದಾರಿಯಲ್ಲಿ, ಎರಡನೆಯದು ಮತ್ತೊಂದರಲ್ಲಿ ಹೋದರೂ ಬಾಧಕವಿಲ್ಲ. ಆಚೆಯ ಕಂಪ್ಯೂಟರು ಕ್ರಮಸಂಖ್ಯೆಯನ್ನು ನೋಡಿ ಎಲ್ಲವನ್ನೂ ಜೋಡಿಸಿಕೊಳ್ಳುವುದು.

ವಿಳಾಸದ ರಚನೆ

ಅಂತರ್ಜಾಲದ ವಿಳಾಸವು ಊರುಕೇರಿಗಳ ಹೆಸರಲ್ಲ, ಅಂಕಿಗಳ ಸಮೂಹ. ೧೯೮೧ರಲ್ಲಿ ನಿರ್ಧಾರವಾದ ಪದ್ಧತಿಯಂತೆ, ೦ಯಿಂದ ೨೫೫ರವರೆಗಿನ ನಾಲ್ಕು ಸಂಖ್ಯೆಗಳನ್ನು ಚುಕ್ಕೆಯಿಟ್ಟು ಬರೆಯುವರು, ೧೯೨.೧೬೮.೧.೧ ಎಂಬಂತೆ. ಇದರ ಗುಟ್ಟನ್ನು ತಿಳಿಯುವುದಕ್ಕೆ ನಮ್ಮ ಅಂಚೆಯ ಪಿನ್‌ಕೋಡಿಗಿಂತ ಒಳ್ಳೆಯ ಉಪಮಾನವಿಲ್ಲ. ಈ ಪಿನ್‌ಕೋಡು ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದಿತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಕೇಂದ್ರ ಸರ್ಕಾರದ ಅಧಿಕಾರಿಗಳು; ಅಷ್ಟೇ ಅಲ್ಲ, ಸಂಸ್ಕೃತದಲ್ಲಿ ಕಾವ್ಯರಚನೆ ಮಾಡಿದ ಕವಿಗಳು. ೫ ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ. ೫೭೦ ಎಂದರೆ ಮೈಸೂರಿನ ಭಾಗ. ಉಳಿದ ಮೂರು ಅಂಕಿಗಳು ಅಂಚೆಯ ಕಚೇರಿ. ದೆಹಲಿಯಲ್ಲಿ ಕಾಗದಗಳನ್ನು ವಿಂಗಡಿಸುವವನಿಗೆ ಮೈಸೂರಿನ ಬೀದಿಗಳು ತಿಳಿದಿರಬೇಕಾದ ಆವಶ್ಯಕತೆಯಿಲ್ಲ. ಮೊದಲ ಅಂಕಿಗಳನ್ನು ನೋಡಿ ದಕ್ಷಿಣದ ಚೀಲಕ್ಕೆ ಹಾಕಿದರೆ ಅವನ ಕೆಲಸವು ಮುಗಿಯಿತು. ರೌಟರೂ ಹಾಗೆಯೇ ವಿಳಾಸದ ಮೊದಲ ಭಾಗವನ್ನು ನೋಡಿ ದಿಕ್ಕನ್ನು ನಿರ್ಣಯಿಸುವುದು. ಕೊನೆಯ ಭಾಗವನ್ನು ಕೊನೆಯ ರೌಟರು ನೋಡಿಕೊಳ್ಳುವುದು.

ಮೇಲೆ ಹೇಳಿದ ಪದ್ಧತಿಯಲ್ಲಿ ಒಟ್ಟು ವಿಳಾಸಗಳು ಸುಮಾರು ೪೩೦ ಕೋಟಿ. ಮೊದಲು ಇದು ಅಕ್ಷಯಪಾತ್ರೆಯಂತೆ ಕಂಡಿತು. ಆದರೆ ೨೦೧೧ರ ಫೆಬ್ರವರಿಯಲ್ಲಿ ಮೂಲಭಂಡಾರವು ಬರಿದಾಯಿತು. ಈಗ ೧೨೮ ಬಿಟ್‌ಗಳ ಉದ್ದವಾದ ಹೊಸ ವಿಳಾಸಗಳು ಬಳಕೆಗೆ ಬಂದಿವೆ. ಅವುಗಳ ಒಟ್ಟು ಸಂಖ್ಯೆಯನ್ನು ಬರೆಯಲು ೩೯ ಅಂಕಿಗಳು ಬೇಕು. ಹಳೆಯ ಪದ್ಧತಿಯೂ ಜೊತೆಯಲ್ಲಿಯೇ ನಡೆಯುತ್ತಿದೆ. ಅದು ಸಾಲುವಂತೆ ಮಾಡುವುದಕ್ಕೆ ನಮ್ಮ ಮನೆಯ ರೌಟರು ಒಂದು ಯುಕ್ತಿಯನ್ನು ಹೂಡುತ್ತದೆ. ಮನೆಯೊಳಗಿನ ಹತ್ತು ಯಂತ್ರಗಳಿಗೆ ಹತ್ತು ಒಳವಿಳಾಸಗಳನ್ನು ತಾನೇ ಕೊಟ್ಟು, ಹೊರಕ್ಕೆ ಹೋಗುವ ಪೊಟ್ಟಣಗಳ ಮೇಲೆ ಒಂದೇ ಹೊರವಿಳಾಸವನ್ನು ಬರೆದು, ಮರಳಿ ಬಂದುದನ್ನು ಯಾರದೆಂದು ನೆನಪಿಟ್ಟು ಹಂಚುವುದು. ಅವಿಭಕ್ತ ಕುಟುಂಬದಲ್ಲಿ ಎಲ್ಲರ ಕಾಗದಗಳೂ ಯಜಮಾನನ ಹೆಸರಿಗೆ ಬಂದು, ಅವನು ಅವರವರದನ್ನು ಅವರವರಿಗೆ ಕೊಡುವಂತೆ.

ಉತ್ಸರ್ಗವೂ ಅಪವಾದವೂ

ಇನ್ನು ರೌಟರು ನಿರ್ಣಯಿಸುವ ಕ್ರಮವನ್ನು ನೋಡುವ. ಅದರ ನೆನಪಿನಲ್ಲಿ ಒಂದು ದಾರಿಪಟ್ಟಿಯಿರುವುದು. ಇಂತಹ ಅಂಕಿಗಳಿಂದ ಮೊದಲಾಗುವ ವಿಳಾಸಗಳು ಇಂತಹ ನೆರೆಯವನ ಕಡೆಗೆ ಎಂದು ಅದರಲ್ಲಿ ಬರೆದಿರುತ್ತದೆ. ಒಂದು ವಿಳಾಸಕ್ಕೆ ಪಟ್ಟಿಯ ಎರಡು ಸಾಲುಗಳು ಹೊಂದಿದರೆ ಏನು ಗತಿ? ಅಂಚೆಯ ಉಪಮಾನದಲ್ಲಿಯೇ ಹೇಳುವುದಾದರೆ, ‘೫ರಿಂದ ಮೊದಲಾಗುವುದೆಲ್ಲ ಹೈದರಾಬಾದಿನ ಕಡೆಗೆ’ ಎಂದು ಒಂದು ಸಾಲು, ‘೫೭೦ರಿಂದ ಮೊದಲಾಗುವುದು ಬೆಂಗಳೂರಿನ ಕಡೆಗೆ’ ಎಂದು ಮತ್ತೊಂದು ಸಾಲು ಇದ್ದರೆ, ಮೈಸೂರಿನ ಕಾಗದಕ್ಕೆ ಎರಡೂ ಅನ್ವಯಿಸುತ್ತವೆಯಷ್ಟೆ.

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಇದರ ಉತ್ತರವು ಒಡನೆಯೇ ಹೊಳೆಯುವುದು. ಸಾಮಾನ್ಯವಾಗಿ ಎಲ್ಲೆಡೆಗೂ ಹೇಳಿದ ವಿಧಿಗೆ ಉತ್ಸರ್ಗವೆಂದು ಹೆಸರು. ಅದರೊಳಗಿನ ಒಂದು ಕಿರಿದಾದ ಕ್ಷೇತ್ರಕ್ಕೆ ಮಾತ್ರ ಹೇಳಿದ ವಿಶೇಷವಿಧಿಗೆ ಅಪವಾದವೆಂದು ಹೆಸರು. ಎರಡೂ ಒಂದೆಡೆ ಪ್ರಾಪ್ತವಾದರೆ ಅಪವಾದವೇ ಬಲವತ್ತರ. ರೌಟರಿನ ನಿಯಮವೂ ಅಕ್ಷರಶಃ ಇದೇ: ವಿಳಾಸದ ಹೆಚ್ಚು ಅಂಕಿಗಳಿಗೆ ಹೊಂದುವ ಸಾಲೇ ಗೆಲ್ಲತಕ್ಕದ್ದು. ಯಾವ ಸಾಲಿಗೂ ಹೊಂದದೆ ಉಳಿದುದಕ್ಕೆ ಶೇಷವಿಧಿಯೊಂದಿರುವುದು. ಮನೆಯ ರೌಟರಿನ ವಿದ್ಯೆಯೆಲ್ಲವೂ ಹೆಚ್ಚುಕಡಮೆ ಈ ಶೇಷವಿಧಿಯೇ. ‘ಮನೆಯೊಳಗಿನದು ಮನೆಗೆ, ಉಳಿದುದೆಲ್ಲ ಕಂಪನಿಯ ರೌಟರಿಗೆ’ ಎಂಬಷ್ಟೇ ಅದು ಬಲ್ಲುದು. ಆದರೆ ಮಹಾಜಾಲಗಳ ನಡುವಣ ದೊಡ್ಡ ರೌಟರುಗಳಲ್ಲಿ ಶೇಷವೆಂದು ತಳ್ಳಿಬಿಡುವುದಕ್ಕೆ ಅವಕಾಶವಿಲ್ಲ. ಅವುಗಳ ಪಟ್ಟಿಯಲ್ಲಿ ಹಳೆಯ ಪದ್ಧತಿಯ ವಿಳಾಸಗಳಿಗೇ ಸುಮಾರು ೧೦ ಲಕ್ಷ ಸಾಲುಗಳಿರುವುವು. ಒಂದೊಂದು ಪೊಟ್ಟಣಕ್ಕೂ ಆ ಪಟ್ಟಿಯನ್ನು ಹುಡುಕಿ, ಸೆಕೆಂಡಿಗೆ ಕೋಟಿಗಟ್ಟಲೆ ಪೊಟ್ಟಣಗಳನ್ನು ಅವು ಕಳುಹಿಸಿಕೊಡುತ್ತವೆ.

ನಮ್ಮ ಉದಾಹರಣೆಯ ಪೊಟ್ಟಣವು ಹೀಗೆ ಮೈಸೂರಿನ ಮನೆಯಿಂದ ಕಂಪನಿಯ ಕೇಂದ್ರಕ್ಕೂ, ಬೆಂಗಳೂರಿಗೂ, ಅಲ್ಲಿಂದ ಚೆನ್ನೈಗೋ ಮುಂಬಯಿಗೋ ಹೋಗಿ, ಸಮುದ್ರದ ತಳದಲ್ಲಿ ಹಾಸಿರುವ ಗಾಜಿನೆಳೆಯ ಕೇಬಲನ್ನು ಹೊಕ್ಕು, ಬೆಳಕಿನ ರೂಪದಲ್ಲಿ ಓಡುವುದು. ಗಾಜಿನಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು. ೨೦,೦೦೦ ಕಿಲೋಮೀಟರಿನ ಹಾದಿಗೆ ಸೆಕೆಂಡಿನ ಹತ್ತರಲ್ಲೊಂದು ಪಾಲು ಸಾಕು. ನಡುವೆ ಹತ್ತಿಪ್ಪತ್ತು ರೌಟರುಗಳು ಅದನ್ನು ಕೈಯಿಂದ ಕೈಗೆ ದಾಟಿಸಿರುವುವು. ಅವುಗಳಲ್ಲಿ ಒಂದಕ್ಕಾದರೂ ಮಂಟಪದ ವಿಷಯವಾಗಲಿ ಮಗಳ ವಿಷಯವಾಗಲಿ ತಿಳಿಯದು.

ನೆರೆಯವನ ಮಾತು

ಪಟ್ಟಿಯನ್ನು ನೋಡಿ ನಡೆಯುವುದು ಸುಲಭ. ಪಟ್ಟಿಯನ್ನು ಬರೆಯುವವರು ಯಾರು? ಇಲ್ಲಿ ಎರಡು ಕ್ರಮಗಳುಂಟು. ಒಂದೇ ಯಜಮಾನಿಕೆಗೆ ಒಳಪಟ್ಟ ಜಾಲದೊಳಗೆ, ಅಂದರೆ ಒಂದು ಕಂಪನಿಯ ಅಥವಾ ವಿಶ್ವವಿದ್ಯಾನಿಲಯದ ಎಲ್ಲೆಯಲ್ಲಿ, ರೌಟರುಗಳು ತಂತಮ್ಮ ಕೊಂಡಿಗಳ ಸಮಾಚಾರವನ್ನು ಪರಸ್ಪರ ಹೇಳಿಕೊಂಡು ಇಡೀ ಜಾಲದ ನಕ್ಷೆಯನ್ನು ಕಟ್ಟಿಕೊಳ್ಳುವುದುಂಟು. ಆ ನಕ್ಷೆಯಲ್ಲಿ ಅತ್ಯಂತ ಹ್ರಸ್ವವಾದ ದಾರಿಯನ್ನು ಹುಡುಕುವ ಗಣಿತವನ್ನು ೧೯೫೬ರಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ವಿದ್ವಾಂಸರು ಆಮ್‌ಸ್ಟರ್‌ಡಾಮಿನ ಕಾಫಿಯಂಗಡಿಯೊಂದರಲ್ಲಿ ಕುಳಿತು, ಕಾಗದ ಲೇಖನಿಗಳಿಲ್ಲದೆ, ಇಪ್ಪತ್ತು ನಿಮಿಷಗಳಲ್ಲಿ ಕಂಡುಹಿಡಿದರು. ಅದು ಅಚ್ಚಾದದ್ದು ೧೯೫೯ರಲ್ಲಿ. ಆಗ ಅವರ ಮನಸ್ಸಿನಲ್ಲಿದ್ದುದು ಊರುಗಳ ನಡುವಣ ರಸ್ತೆಗಳು.

ಆದರೆ ಒಂದು ಕಂಪನಿಯು ತನ್ನ ಒಳನಕ್ಷೆಯನ್ನು ಮತ್ತೊಂದಕ್ಕೆ ತೋರಿಸಲಾರದು. ಆದುದರಿಂದ ಜಾಲಜಾಲಗಳ ನಡುವೆ ನಡೆಯುವುದು ಬರಿಯ ಮಾತು. ‘ಈ ವಿಳಾಸಗಳು ನನ್ನವು, ಇವುಗಳಿಗೆ ಬಂದುದನ್ನು ನನಗೆ ಕೊಡಿ’ ಎಂದು ಒಂದು ಜಾಲವು ನೆರೆಯವರಿಗೆ ಸಾರುವುದು. ನೆರೆಯವರು ‘ಆ ವಿಳಾಸಗಳಿಗೆ ನನ್ನ ಮೂಲಕ ಹೋಗಬಹುದು’ ಎಂದು ತಮ್ಮ ನೆರೆಯವರಿಗೆ ಹೇಳುವರು. ಶಬ್ದವು ಕಿವಿಯನ್ನು ಮುಟ್ಟುವ ಬಗೆಯನ್ನು ವಿವರಿಸುವಾಗ ನಮ್ಮ ತಾರ್ಕಿಕರು ವೀಚೀತರಂಗ ನ್ಯಾಯವನ್ನು ಹೇಳುವರು. ಕೊಳದಲ್ಲಿ ಒಂದು ಅಲೆಯು ಮತ್ತೊಂದನ್ನೆಬ್ಬಿಸಿ, ಅದು ಇನ್ನೊಂದನ್ನೆಬ್ಬಿಸಿ, ಕೊನೆಗೆ ದಡವನ್ನು ಸೇರುವಂತೆ. ಈ ಸಾರಿಕೆಯೂ ಹಾಗೆಯೇ ಜಾಲದಿಂದ ಜಾಲಕ್ಕೆ ಸುತ್ತಲೂ ಹಬ್ಬುವುದು. ಅಲೆಯು ಯಾವ ದಾರಿಯಲ್ಲಿ ಬಂದಿತೋ ಅದರ ವಿರುದ್ಧದಿಕ್ಕಿನಲ್ಲಿ ಪೊಟ್ಟಣಗಳು ಹೋಗುವುವು.

ಈ ಮಾತುಕತೆಯ ನಿಯಮಗಳಿಗೆ ಬಾರ್ಡರ್ ಗೇಟ್‌ವೇ ಪ್ರೊಟೊಕಾಲ್ ಎಂದು ಹೆಸರು, ಗಡಿಬಾಗಿಲಿನ ಒಪ್ಪಂದವೆನ್ನಬಹುದು. ೧೯೮೯ರ ಜನವರಿಯಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಸಭೆಯೊಂದಕ್ಕೆ ಬಂದಿದ್ದ ಕರ್ಕ್ ಲೌಹೀಡ್, ಯಾಕೊವ್ ರೆಕ್ಟರ್ ಎಂಬ ಇಬ್ಬರು ಎಂಜಿನಿಯರುಗಳು, ಊಟದ ಹೊತ್ತಿನಲ್ಲಿ ಕೈಯೊರಸುವ ಕಾಗದದ ಮೇಲೆ ಇದರ ಮೊದಲ ರೂಪವನ್ನು ಬರೆದರು. ತಾತ್ಕಾಲಿಕವೆಂದು ಬರೆದುದು ಇಂದಿಗೂ, ತಿದ್ದುಪಾಟುಗಳೊಡನೆ, ಲೋಕದ ಜಾಲಗಳನ್ನೆಲ್ಲ ಹಿಡಿದು ನಿಲ್ಲಿಸಿದೆ. ಅಂದು ಜಾಲಗಳು ಕೆಲವೇ. ಅವುಗಳನ್ನು ನಡೆಸುತ್ತಿದ್ದವರು ಪರಸ್ಪರ ಪರಿಚಿತರು. ಸುಳ್ಳು ಹೇಳುವವನೂ ಒಬ್ಬನಿರಬಹುದೆಂಬ ಶಂಕೆಗೆ ಆ ಕಾಗದದಲ್ಲಿ ಎಡೆಯಿರಲಿಲ್ಲ.

ಕಳೆದುಹೋದುದಕ್ಕೆ ಹೊಣೆ ಯಾರು?

ರೌಟರು ಪೊಟ್ಟಣವನ್ನು ತಲುಪಿಸುವೆನೆಂದು ಯಾರಿಗೂ ಭಾಷೆ ಕೊಟ್ಟಿಲ್ಲ. ಪೊಟ್ಟಣಗಳು ಒಮ್ಮೆಗೇ ಹೆಚ್ಚಾಗಿ ಬಂದು ಸರದಿಯು ತುಂಬಿಹೋದರೆ, ಹೆಚ್ಚಾದುದನ್ನು ಅದು ನಿರ್ದಾಕ್ಷಿಣ್ಯವಾಗಿ ಎಸೆದುಬಿಡುವುದು. ಪಟ್ಟಿಗಳಲ್ಲಿ ಭ್ರಮೆಯುಂಟಾಗಿ ಪೊಟ್ಟಣವೊಂದು ಇಬ್ಬರ ನಡುವೆ ಗಾಣದ ಎತ್ತಿನಂತೆ ಸುತ್ತುವ ಸಂಭವವೂ ಉಂಟು. ಅದಕ್ಕಾಗಿಯೇ ಹೊರಡುವಾಗ ಅದರ ಹಣೆಯಲ್ಲಿ ಆಯುಸ್ಸನ್ನು ಬರೆದಿರುವರು. ಸಾಮಾನ್ಯವಾಗಿ ೬೪ ಅಥವಾ ೧೨೮. ಪ್ರತಿಯೊಂದು ರೌಟರೂ ಅದರಲ್ಲಿ ಒಂದನ್ನು ಕಳೆಯುವುದು. ಸೊನ್ನೆಯಾದಲ್ಲಿ ಪೊಟ್ಟಣವು ಸಾಯುವುದು. ಸತ್ತ ಸುದ್ದಿಯನ್ನು ಕಳುಹಿಸಿದವನಿಗೆ ತಿಳಿಸುವ ಪದ್ಧತಿಯೂ ಇದೆ. ಬೇಕೆಂದೇ ೧, ೨, ೩ ಎಂದು ಅಲ್ಪಾಯುಗಳಾದ ಪೊಟ್ಟಣಗಳನ್ನು ಕಳುಹಿಸಿ, ಅವು ಎಲ್ಲೆಲ್ಲಿ ಸತ್ತುವೆಂಬುದರಿಂದ ದಾರಿಯ ರೌಟರುಗಳನ್ನು ಒಂದೊಂದಾಗಿ ಅರಿಯುವ ಉಪಾಯವೊಂದುಂಟು. ಅದಕ್ಕೆ ಟ್ರೇಸ್‌ರೂಟ್ ಎನ್ನುವರು.

ಹಾಗಾದರೆ ಕಳೆದುಹೋದುದರ ಹೊಣೆಯು ಯಾರದು? ಎರಡು ತುದಿಯವರದು. ೧೯೭೪ರಲ್ಲಿ ವಿಂಟನ್ ಸರ್ಫ್, ರಾಬರ್ಟ್ ಕಾನ್ ಎಂಬ ಅಮೆರಿಕದ ವಿದ್ವಾಂಸರು ಬರೆದ ಪ್ರಬಂಧದ ಸಾರವು ಇದೇ. ನಡುವಿನ ಜಾಲಗಳು ಹೇಗಾದರೂ ಇರಲಿ, ಒಂದು ತಂತಿಯದಾಗಲಿ ಮತ್ತೊಂದು ರೇಡಿಯೋವಿನದಾಗಲಿ. ಮುಟ್ಟಿದ ಪೊಟ್ಟಣಗಳಿಗೆ ಪಡೆದವನು ರಸೀತಿ ಕೊಡಬೇಕು, ರಸೀತಿ ಬಾರದಿದ್ದರೆ ಕಳುಹಿಸಿದವನು ಮತ್ತೆ ಕಳುಹಿಸಬೇಕು. ೧೯೭೭ರ ನವೆಂಬರ್ ೨೨ರಂದು ಇದನ್ನು ಪ್ರತ್ಯಕ್ಷವಾಗಿ ತೋರಿಸಿದರು. ಸ್ಯಾನ್ ಫ್ರಾನ್ಸಿಸ್ಕೋ ಪ್ರಾಂತದ ಹೆದ್ದಾರಿಯಲ್ಲಿ ಓಡುತ್ತಿದ್ದ ವ್ಯಾನಿನಿಂದ ರೇಡಿಯೋ ಮೂಲಕ ಹೊರಟ ಪೊಟ್ಟಣಗಳು ತಂತಿಯ ಜಾಲವನ್ನೂ ಉಪಗ್ರಹದ ಜಾಲವನ್ನೂ ಹಾದು, ಲಂಡನ್ನಿನವರೆಗೆ ಹೋಗಿ, ಹಿಂದಿರುಗಿ ಲಾಸ್ ಏಂಜಲೀಸಿನ ಬಳಿಯ ಕಂಪ್ಯೂಟರನ್ನು ಸೇರಿದುವು. ಮೂರು ಜಾಲಗಳು, ಒಂದೇ ಸಂದೇಶ. ೧೯೮೩ರ ಜನವರಿ ೧ರಿಂದ ಅಮೆರಿಕದ ಅರ್ಪಾನೆಟ್ ಜಾಲವು ಈ ನಿಯಮಕ್ಕೆ ಒಳಪಟ್ಟಿತು.

ತುದಿಯವರು ಹೊಣೆಯನ್ನು ಮರೆತರೆ ಏನಾಗುವುದೆಂಬುದು ೧೯೮೬ರ ಅಕ್ಟೋಬರಿನಲ್ಲಿ ತಿಳಿದುಬಂದಿತು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಸುಮಾರು ೪೦೦ ಗಜಗಳ ಅಂತರದಲ್ಲಿದ್ದ ಎರಡು ಸಂಸ್ಥೆಗಳ ನಡುವೆ ಸೆಕೆಂಡಿಗೆ ೩೨,೦೦೦ ಬಿಟ್‌ಗಳ ವೇಗವು ೪೦ ಬಿಟ್‌ಗಳಿಗೆ ಇಳಿಯಿತು. ಕಾರಣವೇನೆಂದರೆ, ರಸೀತಿ ಬಾರದಿರಲು ಎಲ್ಲರೂ ಮತ್ತೆಮತ್ತೆ ಕಳುಹಿಸಿದರು. ಕಳುಹಿಸಿದಷ್ಟೂ ಜನಸಂದಣಿ ಹೆಚ್ಚಿತು. ಸಂದಣಿ ಹೆಚ್ಚಿದಷ್ಟೂ ಪೊಟ್ಟಣಗಳು ಸತ್ತುವು. ವ್ಯಾನ್ ಜೇಕಬ್‌ಸನ್ ಎಂಬುವರು ೧೯೮೮ರಲ್ಲಿ ಪ್ರಕಟಿಸಿದ ಪರಿಹಾರವು ಯಂತ್ರಶಾಸ್ತ್ರಕ್ಕಿಂತ ಸಜ್ಜನರ ಆಚಾರಕ್ಕೆ ಹತ್ತಿರವಾದುದು. ಪೊಟ್ಟಣವು ಕಳೆದರೆ ಸಂದಣಿಯಾಗಿದೆಯೆಂದು ಅರಿತು ಕಳುಹಿಸುವವನು ತಾನಾಗಿಯೇ ಹಿಂಜರಿಯಬೇಕು. ದಾರಿ ತೆರವಾದಂತೆ ಮೆಲ್ಲಮೆಲ್ಲನೆ ಮುಂದುವರಿಯಬೇಕು. ಜಾತ್ರೆಯ ಬಾಗಿಲಿನಲ್ಲಿ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರೆ ಎಲ್ಲರೂ ಹೊರಕ್ಕೆ ಬರುವರಲ್ಲವೆ?

ಒಂದೇ ವರ್ಷದ ಎರಡು ಪಾಠಗಳು

ಕೇಂದ್ರವಿಲ್ಲದ ಈ ವ್ಯವಸ್ಥೆಯ ಬಲಾಬಲಗಳನ್ನು ೨೦೦೮ನೆಯ ಇಸವಿಯ ಮೊದಲೆರಡು ತಿಂಗಳುಗಳೇ ತೋರಿಸಿಕೊಟ್ಟವು.

ಜನವರಿ ೩೦ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಸಮುದ್ರದಡಿಯಲ್ಲಿ ಎರಡು ದೊಡ್ಡ ಕೇಬಲುಗಳು ತುಂಡಾದವು. ಭಾರತದಿಂದ ಪಶ್ಚಿಮಕ್ಕೆ ಹೋಗುವ ಸಂದೇಶಗಳಿಗೆ ಅವು ಮುಖ್ಯಮಾರ್ಗಗಳಾಗಿದ್ದುವು. ನಮ್ಮ ದೇಶದ ಅಂತರ್ಜಾಲವು ಬಹಳವಾಗಿ ಕುಂಠಿತವಾಯಿತು, ಆದರೆ ನಿಂತುಹೋಗಲಿಲ್ಲ. ಪಶ್ಚಿಮದ ದಾರಿ ಮುಚ್ಚಿತೆಂಬ ವಾರ್ತೆಯು ನೆರೆಯಿಂದ ನೆರೆಗೆ ಹಬ್ಬಿ, ಪೊಟ್ಟಣಗಳು ಪೂರ್ವದಿಕ್ಕಿಗೆ ತಿರುಗಿ, ಭೂಮಿಯ ಆ ಪಕ್ಕದಿಂದ ಹೋಗತೊಡಗಿದುವು. ಯಾವ ದೊರೆಯ ಅಪ್ಪಣೆಗೂ ಅವು ಕಾಯಲಿಲ್ಲ.

ಇಪ್ಪತ್ತೈದು ದಿನಗಳ ತರುವಾಯ, ಫೆಬ್ರವರಿ ೨೪ರಂದು, ಎರಡನೆಯ ಪಾಠವಾಯಿತು. ಯೂಟ್ಯೂಬನ್ನು ತಮ್ಮ ದೇಶದಲ್ಲಿ ತಡೆಯಬೇಕೆಂಬ ಸರ್ಕಾರದ ಆಜ್ಞೆಯಂತೆ ಪಾಕಿಸ್ತಾನ್ ಟೆಲಿಕಾಂ ಕಂಪನಿಯು, ಯೂಟ್ಯೂಬಿನ ವಿಳಾಸಗಳು ತನ್ನಲ್ಲಿವೆಯೆಂದು ತನ್ನ ಜಾಲದೊಳಗೆ ಸಾರಿತು. ಬಂದುದನ್ನು ಅಲ್ಲಿಯೇ ಎಸೆದುಬಿಡುವ ಉದ್ದೇಶ. ಆದರೆ ಆ ಸಾರಿಕೆಯು ದೇಶದ ಗಡಿಯನ್ನು ದಾಟಿ ಹೊರಕ್ಕೆ ಸೋರಿತು. ಹಾಂಕಾಂಗಿನ ಪಿಸಿಸಿಡಬ್ಲ್ಯು ಎಂಬ ನೆರೆಯ ಕಂಪನಿಯು ಅದನ್ನು ಪರೀಕ್ಷಿಸದೆ ಲೋಕಕ್ಕೆಲ್ಲ ಹೇಳಿತು. ಯೂಟ್ಯೂಬು ಸಾರಿದ್ದುದು ೧೦೨೪ ವಿಳಾಸಗಳ ಒಂದು ಗುಂಪನ್ನು. ಪಾಕಿಸ್ತಾನದಿಂದ ಬಂದುದು ಅದರೊಳಗಿನ ೨೫೬ರ ಚಿಕ್ಕ ಗುಂಪು. ಉತ್ಸರ್ಗಕ್ಕಿಂತ ಅಪವಾದವು ಬಲವತ್ತರವೆಂಬ ನಿಯಮವನ್ನು ವಾಚಕರು ಮರೆತಿರಲಾರರು. ಜಗತ್ತಿನ ರೌಟರುಗಳು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಯೂಟ್ಯೂಬಿಗೆ ಹೋಗತಕ್ಕುದನ್ನು ಪಾಕಿಸ್ತಾನದ ಕಡೆಗೆ ತಿರುಗಿಸಿದುವು. ಸುಮಾರು ಎರಡು ಗಂಟೆಗಳ ಕಾಲ ಲೋಕದ ಬಹುಭಾಗಕ್ಕೆ ಯೂಟ್ಯೂಬು ಕಾಣದಾಯಿತು. ಯಂತ್ರವೊಂದೂ ಕೆಡಲಿಲ್ಲ, ತಂತಿಯೊಂದೂ ಕಡಿಯಲಿಲ್ಲ, ಕೆಟ್ಟದ್ದು ಮಾತು.

ತನ್ನ ಮಾತಿನಿಂದ ತಾನೇ ಮರೆಯಾಗುವುದೂ ಉಂಟು. ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್ ಕಂಪನಿಯು ತನ್ನ ಜಾಲದಲ್ಲಿ ಮಾಡಿದ ಒಂದು ತಪ್ಪಿನ ಪರಿಣಾಮವಾಗಿ, ಅದರ ವಿಳಾಸಗಳ ಸಾರಿಕೆಗಳು ಹಿಂತೆಗೆಯಲ್ಪಟ್ಟು, ಫೇಸ್‌ಬುಕ್ಕೂ ವಾಟ್ಸಾಪೂ ಸುಮಾರು ಆರು ಗಂಟೆಗಳ ಕಾಲ ಲೋಕದ ದಾರಿಪಟ್ಟಿಯಿಂದಲೇ ಅಳಿಸಿಹೋದುವು. ಇಂತಹ ಅನರ್ಥಗಳಲ್ಲಿ ಸುಳ್ಳು ಸಾರಿಕೆಯನ್ನು ತಡೆಯುವುದಕ್ಕಾಗಿ, ಯಾವ ವಿಳಾಸವು ಯಾವ ಜಾಲಕ್ಕೆ ಸೇರಿದುದೆಂಬುದಕ್ಕೆ ಮುದ್ರೆಯೊತ್ತಿದ ಪ್ರಮಾಣಪತ್ರಗಳನ್ನು ಕೊಡುವ ಪದ್ಧತಿಯನ್ನು ಈಗ ಬೆಳೆಸುತ್ತಿರುವರು. ೨೦೨೪ರ ವೇಳೆಗೆ ಸುಮಾರು ಅರ್ಧದಷ್ಟು ದಾರಿಗಳಿಗೆ ಅಂತಹ ಪತ್ರಗಳಿದ್ದುವು. ಪತ್ರವಿದ್ದರೆ ಸಾಲದು, ನೋಡುವವನು ನೋಡಬೇಕು.

ನಮ್ಮ ದೇಶದಲ್ಲಿ ೧೯೮೬ರಲ್ಲಿ ಎರ್ನೆಟ್ ಎಂಬ ಹೆಸರಿನಲ್ಲಿ ವಿದ್ಯಾಸಂಸ್ಥೆಗಳ ಜಾಲವು ಮೊದಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಅದರ ಮೊದಲ ಸದಸ್ಯರಲ್ಲೊಂದು. ಜನಸಾಮಾನ್ಯರಿಗೆ ಅಂತರ್ಜಾಲವು ದೊರೆತದ್ದು ೧೯೯೫ರ ಆಗಸ್ಟ್ ೧೫ರಿಂದ. ಆ ಕಾಲದಲ್ಲಿ ಒಂದು ವಿಚಿತ್ರವಿತ್ತು. ಒಂದೇ ಬೀದಿಯ ಎರಡು ಮನೆಗಳು ಬೇರೆಬೇರೆ ಕಂಪನಿಗಳ ಗಿರಾಕಿಗಳಾಗಿದ್ದರೆ, ಆ ಕಂಪನಿಗಳು ದೇಶದೊಳಗೆ ಎಲ್ಲಿಯೂ ಸಂಧಿಸದ ಕಾರಣ, ಈ ಮನೆಯ ಸಂದೇಶವು ಪರದೇಶಕ್ಕೆ ಹೋಗಿ ತಿರುಗಿ ಆ ಮನೆಗೆ ಬರುವುದುಂಟಾಗಿತ್ತು. ಇದನ್ನು ತಪ್ಪಿಸುವುದಕ್ಕಾಗಿ ೨೦೦೩ರಲ್ಲಿ ನಿಕ್ಸಿ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಕಂಪನಿಗಳು ಪೊಟ್ಟಣಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವ ಕೂಡುಕಟ್ಟೆಗಳನ್ನು ಏರ್ಪಡಿಸಿದರು. ಬೆಂಗಳೂರಿನಲ್ಲಿಯೂ ಅಂತಹದೊಂದಿದೆ. ನೆರೆಹೊರೆಯವರು ಮಾತು ಬಿಟ್ಟರೆ ಸುದ್ದಿಯು ಊರೆಲ್ಲ ಸುತ್ತಬೇಕಾಗುವುದು ಯಂತ್ರಗಳಲ್ಲಿಯೂ ನಿಜ.

ಗೃಹಸ್ಥರು ಗಮನಿಸತಕ್ಕ ಅಂಶಗಳು

ಇಷ್ಟನ್ನು ಓದಿದ ಮೇಲೆ, ಇದರಿಂದ ನಮಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಮೂರು ಪ್ರಯೋಜನಗಳನ್ನು ಹೇಳುವೆವು.

ಮೊದಲನೆಯದು. ಪೊಟ್ಟಣವು ಹತ್ತಾರು ಅಪರಿಚಿತರ ಕೈದಾಟುವುದರಿಂದ, ಅದನ್ನು ಮುಚ್ಚದೆ ಕಳುಹಿಸಿದರೆ ಪೋಸ್ಟ್ ಕಾರ್ಡಿಗೆ ಸಮಾನ. ದಾರಿಯಲ್ಲಿರುವವರು ಓದಬಹುದು. ಆದುದರಿಂದ ಹಣಕಾಸಿನ ವ್ಯವಹಾರವನ್ನು ಗೂಢಲಿಪಿಯಲ್ಲಿ ಕಳುಹಿಸುವ ತಾಣಗಳಲ್ಲಿ ಮಾತ್ರ ಮಾಡತಕ್ಕದ್ದು. ತಾಣದ ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿಎಸ್’ ಎಂಬ ಅಕ್ಷರಗಳಿದ್ದರೆ, ಕೊನೆಯ ‘ಎಸ್’ ಎಂಬುದು ಈ ಮುಚ್ಚಳದ ಗುರುತು. ಆದರೆ ಒಂದು ಎಚ್ಚರಿಕೆ: ಲಕೋಟೆಯು ಭದ್ರವಾಗಿದೆಯೆಂದ ಮಾತ್ರಕ್ಕೆ ಅದನ್ನು ಪಡೆಯುವವನು ಸಜ್ಜನನೆಂದು ಸಿದ್ಧವಾಗುವುದಿಲ್ಲ. ಮೋಸಗಾರನೂ ಲಕೋಟೆಯನ್ನು ಕೊಳ್ಳಬಲ್ಲನು.

ಎರಡನೆಯದು. ಮನೆಯ ರೌಟರಿಗೆ ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಹಾಗೆಯೇ ಬಿಡಬಾರದು. ೨೦೧೬ರಲ್ಲಿ ಮಿರಾಯಿ ಎಂಬ ದುಷ್ಟ ಕ್ರಮವಿಧಿಯು, ಕಾರ್ಖಾನೆಯ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಮನೆಗಳ ಕ್ಯಾಮರಾ, ರೌಟರು ಮೊದಲಾದುವನ್ನು ಲಕ್ಷಗಟ್ಟಲೆಯಾಗಿ ವಶಪಡಿಸಿಕೊಂಡು, ಆ ವರ್ಷದ ಅಕ್ಟೋಬರ್ ೨೧ರಂದು ಅವುಗಳಿಂದಲೇ ದಾಳಿ ಮಾಡಿಸಿ, ಅಮೆರಿಕದ ಅನೇಕ ಪ್ರಸಿದ್ಧ ತಾಣಗಳನ್ನು ಕೆಲವು ಗಂಟೆಗಳ ಕಾಲ ಸ್ತಬ್ಧಗೊಳಿಸಿತು. ಯಂತ್ರಗಳ ಯಜಮಾನರು ಮನೆಯಲ್ಲಿ ಸುಖವಾಗಿ ನಿದ್ರಿಸುತ್ತಿದ್ದಿರಬಹುದು. ನಮ್ಮ ಬಾಗಿಲಿಗೆ ಅಗುಳಿ ಹಾಕದಿದ್ದರೆ ನಷ್ಟವು ನಮಗೆ ಮಾತ್ರವಲ್ಲ. ಕಳ್ಳನು ನಮ್ಮ ಮಾಳಿಗೆಯಿಂದ ನೆರೆಯವನ ಮಾಳಿಗೆಗೆ ಹಾರುವನು.

ಮೂರನೆಯದು. ತಡವಾದಾಗ ಪೆಟ್ಟಿಗೆಯನ್ನು ಬಡಿಯುವುದರಿಂದಾಗಲಿ ಮನೆಯ ಹುಡುಗರನ್ನು ಗದರುವುದರಿಂದಾಗಲಿ ಪ್ರಯೋಜನವಿಲ್ಲ. ಎಲ್ಲ ತಾಣಗಳೂ ತೆರೆಯದಿದ್ದರೆ ದೋಷವು ಮನೆಯಲ್ಲಿಯೋ ಕಂಪನಿಯಲ್ಲಿಯೋ ಇರುವುದು. ಒಂದು ತಾಣವು ಮಾತ್ರ ತೆರೆಯದೆ ಉಳಿದುವು ತೆರೆದರೆ, ದೋಷವು ಬಹುಶಃ ದೂರದಲ್ಲಿ, ಆ ತಾಣದವರಲ್ಲಿಯೋ ನಡುದಾರಿಯಲ್ಲಿಯೋ ಇರುವುದು. ಅಂತಹ ಹೊತ್ತಿನಲ್ಲಿ ಹಣ ಕಳುಹಿಸುವ ಗುಂಡಿಯನ್ನು ಮೇಲಿಂದಮೇಲೆ ಒತ್ತುವುದಕ್ಕಿಂತ, ಲೆಕ್ಕವನ್ನು ನೋಡಿ, ಸ್ವಲ್ಪ ಕಾದು ಮುಂದುವರಿಯುವುದು ವಿವೇಕ.

ಒಬ್ಬನೂ ಪೂರ್ಣವಾಗಿ ಅರಿಯದ ದಾರಿಯಲ್ಲಿ, ಕೋಟ್ಯಂತರ ಓಲೆಗಳು ದಿನವೂ ಸರಿಯಾದ ಮನೆಗಳನ್ನು ಸೇರುತ್ತಿವೆ. ಪ್ರತಿಯೊಬ್ಬನೂ ತನ್ನ ಒಂದು ಹೆಜ್ಜೆಯನ್ನು ಸರಿಯಾಗಿ ಇಡುವುದರಿಂದ, ನೆರೆಯವನಿಗೆ ನಿಜವನ್ನು ಹೇಳುವುದರಿಂದ, ಸಂದಣಿಯಲ್ಲಿ ತಾನಾಗಿ ಹಿಂದೆ ಸರಿಯುವುದರಿಂದ, ತುದಿಯಲ್ಲಿರುವವನು ಹೊಣೆಯನ್ನು ಮರೆಯದಿರುವುದರಿಂದ ಈ ಕಾರ್ಯವು ನಡೆಯುತ್ತಿದೆ. ಯಂತ್ರಗಳಿಗೆ ಈ ನಡತೆಯನ್ನು ಕಲಿಸಿದವರು ಮನುಷ್ಯರು. ನೆರೆಯವನು ಹೇಳಿದ ಸುದ್ದಿಯನ್ನು ಪರೀಕ್ಷಿಸದೆ ಲೋಕಕ್ಕೆಲ್ಲ ದಾಟಿಸಬಾರದೆಂಬ ಪಾಠವನ್ನು ಯಂತ್ರಗಳು ಈಗೀಗ ಕಲಿಯುತ್ತಿವೆ. ಕೈಯಲ್ಲಿ ಫೋನನ್ನು ಹಿಡಿದಿರುವ ನಾವೂ ಅದನ್ನು ಅವುಗಳ ಜೊತೆಯಲ್ಲಿಯೇ ಕಲಿಯಬೇಕಾಗಿದೆ.